ಸೊನ್ನೆಯತ್ತ ಇಳಿಯುವ ಗೆರೆ

ಗುಜರಾತಿನ ಕಾಕ್ರಾಪಾರದ 700 ಮೆಗಾವ್ಯಾಟ್‌ ಸಾಮರ್ಥ್ಯದ ಮೂರನೇ ಪರಮಾಣು ಘಟಕದಲ್ಲಿ 2020ರ ಜುಲೈ 22ರಂದು ಮೊದಲ ಬಾರಿಗೆ ಸರಣಿ ಕ್ರಿಯೆ ತಾನಾಗಿಯೇ ಮುಂದುವರಿಯತೊಡಗಿತೆಂಬ ಸುದ್ದಿಯನ್ನು ನಾನು ಓದಿದ್ದು ಉಡುಪಿಯ ಮನೆಯ ಚಾವಡಿಯಲ್ಲಿ, ಆಟಿಯ ಮಳೆಯ ಸದ್ದಿನ ನಡುವೆ.

ಹೊಸ ಸ್ಥಾವರವನ್ನು ಗುಂಡಿ ಒತ್ತಿ ಚಾಲೂ ಮಾಡಲಾಗದು. ಇಂಧನ ತುಂಬಿದ ಮೇಲೂ, ನ್ಯೂಟ್ರಾನುಗಳ ವೇಗ ತಗ್ಗಿಸುವ ಭಾರಜಲದಲ್ಲಿ ಬೆರೆಸಿದ ಬೋರಾನ್, ಪರಮಾಣುಗಳನ್ನು ಒಡೆಯುವ ಆ ನ್ಯೂಟ್ರಾನುಗಳನ್ನು ಹೀರಿಕೊಂಡು ಕ್ರಿಯೆಯನ್ನು ತಡೆದಿರುತ್ತದೆ. ಆ ನೀರನ್ನು ರಾಳದ ಸ್ತಂಭಗಳ ಮೂಲಕ ಹಾಯಿಸಿ ಬೋರಾನನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ, ಹಂತಹಂತಕ್ಕೂ ನ್ಯೂಟ್ರಾನ್ ಎಣಿಕೆಯ ವಿಲೋಮವನ್ನು, ಅಂದರೆ ಒಂದನ್ನು ಆ ಎಣಿಕೆಯಿಂದ ಭಾಗಿಸಿದ ಬೆಲೆಯನ್ನು, ನಕ್ಷೆಯಲ್ಲಿ ಗುರುತಿಸಿದಾಗ, ಸರಣಿ ಕ್ರಿಯೆ ತಾನಾಗಿ ನಡೆಯುವ ಹಂತ ಹತ್ತಿರವಾದಂತೆ ಗೆರೆ ಸೊನ್ನೆಯತ್ತ ಇಳಿಯುತ್ತ ಬರುತ್ತದೆ. ಅವಸರಕ್ಕೆ ಎಡೆಯೇ ಇಲ್ಲದ ಈ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆ ಘಟಕ ಗ್ರಿಡ್‌ಗೆ ಸೇರಿದ್ದು 2021ರ ಜನವರಿ 10ರಂದು. ನಮ್ಮ ಉತ್ತರಕ್ಕಿರುವ ಕೈಗಾದ ಮೊದಲ ಘಟಕವೂ ಭಾರಜಲದ್ದೇ. ಅದು 2018ರ ಡಿಸೆಂಬರ್‌ ಕೊನೆಗೆ 962 ದಿನಗಳ ನಿರಂತರ ಓಟವನ್ನು ಮುಗಿಸಿತ್ತು.