ಫೆರಿಟಿನ್ ಇಳಿದರೂ ಎದೆಯಲ್ಲಿ ಉಳಿದ ಕಬ್ಬಿಣ

ತುಮಕೂರಿನಲ್ಲಿ ಥಲಸ್ಸೇಮಿಯಾ (ಮೈ ಸಾಕಷ್ಟು ರಕ್ತ ತಯಾರಿಸದ, ಹುಟ್ಟಿನಿಂದಲೇ ಬರುವ ಕಾಯಿಲೆ) ಇರುವ ಮಕ್ಕಳಿಗೆ ರಕ್ತ ಹಾಕುವ ದಿನ ಬೆಳಗ್ಗೆಯೇ ವಾರ್ಡು ತುಂಬಿಬಿಡುತ್ತದೆ. ಪಾವಗಡ, ಶಿರಾ ಕಡೆಯವರು ಮೊದಲ ಬಸ್ಸಿಗೇ ಹೊರಟು ಬಂದಿರುತ್ತಾರೆ. ಕ್ರಾಸ್‌ಮ್ಯಾಚ್‌ಗೆ (ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಹಿಂದಿನ ದಿನವೇ ಸ್ಯಾಂಪಲ್ ಕೊಟ್ಟವರಿಗೆ ಚೀಲ ಬೇಗ ಸಿಗುತ್ತದೆ, ಉಳಿದವರು ಕಾಯಬೇಕು. ಅಂಥ ಒಂದು ದಿನ ಮಧುಗಿರಿ ಕಡೆಯ 17 ವರ್ಷದ ಹುಡುಗನ ತಾಯಿ ಎರಡು ರಿಪೋರ್ಟು ಮುಂದಿಟ್ಟರು. ಒಂದರಲ್ಲಿ ಫೆರಿಟಿನ್, ಅಂದರೆ ಪದೇ ಪದೇ ಹಾಕುವ ರಕ್ತದಿಂದ ಮೈಯಲ್ಲಿ ಕೂಡುವ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆ, 1,450. ಹಿಂದೆ ಅದೇ 4,000 ದಾಟಿತ್ತು. ಇನ್ನೊಂದು ಬೆಂಗಳೂರಿನಲ್ಲಿ ಮಾಡಿಸಿದ ಹೃದಯದ ಎಂಆರ್‌ಐ. ಅದರಲ್ಲಿ ಹೃದಯದ ಕಬ್ಬಿಣ ತೋರಿಸುವ ಟಿ-2 ಸ್ಟಾರ್ 9 ಮಿಲಿಸೆಕೆಂಡ್ ಎಂದಿತ್ತು. ಈ ಅಂಕಿ ಇಳಿದಷ್ಟೂ ಕಬ್ಬಿಣ ಜಾಸ್ತಿ ಎಂದರ್ಥ.

"ಫೆರಿಟಿನ್ ಇಷ್ಟು ಇಳ್ದೈತಲ್ಲ ಸಿಸ್ಟರ್, ಎದೆಗೆ ಎಂಗೆ ಬಂತು ಕಬ್ಣ?"

ಆ ಕಬ್ಬಿಣ ಸೇರಿದ್ದು ಫೆರಿಟಿನ್ 4,000 ಇದ್ದ ಕಾಲದಲ್ಲಿ. ಯಕೃತ್ತಿಗೆ ಕಬ್ಬಿಣ ಬೇಗ ತುಂಬುತ್ತದೆ, ಔಷಧಿ ಸರಿಯಾಗಿ ತಗೊಂಡರೆ ಬೇಗ ಖಾಲಿಯೂ ಆಗುತ್ತದೆ. ಹೃದಯಕ್ಕೆ ತುಂಬುವುದು ತಡ, ಬಿಟ್ಟುಕೊಡುವುದು ಇನ್ನೂ ತಡ. ಫೆರಿಟಿನ್ ಹೆಚ್ಚಾಗಿ ಹೇಳುವುದು ಯಕೃತ್ತಿನ ಕಥೆ, ಜ್ವರ ಸೋಂಕು ಬಂದರೆ ಸುಮ್ಮನೆ ಏರುವುದೂ ಉಂಟು. ಹಾಗಾಗಿ ಹೃದಯದ ಕಬ್ಬಿಣವನ್ನು ಬೇರೆಯಾಗಿಯೇ ಅಳೆಯಬೇಕು. ಟಿ-2 ಸ್ಟಾರ್ 20ಕ್ಕಿಂತ ಮೇಲಿದ್ದರೆ ಸರಿ, 10ರಿಂದ 20 ಇದ್ದರೆ ಕಬ್ಬಿಣ ಕೂತಿದೆ ಎಂದರ್ಥ, 10ಕ್ಕಿಂತ ಕೆಳಗಿಳಿದರೆ ಮುಂದಿನ ತಿಂಗಳುಗಳಲ್ಲೇ ಹೃದಯ ಸೋಲುವ, ಬಡಿತ ತಾಳ ತಪ್ಪುವ ಅಪಾಯವಿದೆ. ಹುಡುಗನ ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಪಂಪಿಂಗ್ ಶೇ. 58 ಇತ್ತು, ನಾರ್ಮಲ್ ಎಂದೇ ಬರೆದಿದ್ದರು. ರಕ್ತ ಕಡಿಮೆ ಇರುವ ಮೈಯಲ್ಲಿ ಹೃದಯ ಮಾಮೂಲಿಗಿಂತ ಜೋರಾಗಿ ದುಡಿಯುತ್ತಿರುತ್ತದೆ, ಅದಕ್ಕೇ ಆ 58 ನೋಡಿ ಸಮಾಧಾನಪಡುವಂತಿಲ್ಲ. ಎಕೋದಲ್ಲಿ ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. 10 ವರ್ಷ ದಾಟಿದ ಪ್ರತಿ ಮಗುವಿಗೂ ಟಿ-2 ಸ್ಟಾರ್ ಆಗಲೇಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಕಬ್ಬಿಣ ಹೊರಹಾಕುವ ಮಾತ್ರೆ ಹೇಗೆ ತಗೊಳ್ತೀಯ, ಮಾಡಿ ತೋರಿಸು ಎಂದೆವು. ಡೆಫೆರಾಸಿರಾಕ್ಸ್ 400 ಮಿ.ಗ್ರಾಂನ ಎರಡು ಮಾತ್ರೆಗಳನ್ನು ಅರ್ಧ ಲೋಟ ನೀರಿಗೆ ಹಾಕಿದ, ಎರಡು ಸುತ್ತು ತಿರುಗಿಸಿದ, ಗಟಗಟ ಕುಡಿದ. ಲೋಟದ ತಳದಲ್ಲಿ ಬೆರಳಗಲ ಬಿಳಿ ಗಸಿ ಹಾಗೇ ಉಳಿದಿತ್ತು. ಅದೂ ಔಷಧಿಯೇ. ಮತ್ತಷ್ಟು ನೀರು ಹಾಕಿ ಕಲಕಿ ಅದನ್ನೂ ಕುಡಿಯಬೇಕು. ತಗೊಳ್ಳಬೇಕಾದ್ದು ಬರಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು, ದಿನಾ ಅದೇ ಹೊತ್ತಿಗೆ. ಅವನು ತಗೊಳ್ಳುತ್ತಿದ್ದದ್ದು ತಿಂಡಿ ಆದ ಮೇಲೆ, ಪರೀಕ್ಷೆಯ ದಿನಗಳಲ್ಲಿ ಅದೂ ಇಲ್ಲ. ಇನ್ನೊಂದು ದೊಡ್ಡ ಕೊರತೆ ತೂಕದ್ದು. 800 ಮಿ.ಗ್ರಾಂ ಶುರುವಾದಾಗ ಅವನು 30 ಕೆ.ಜಿ. ಇದ್ದ, ಈಗ 40. ಡೋಸು ಮಾತ್ರ ಬದಲಾಗಿರಲಿಲ್ಲ. ಕೆ.ಜಿ.ಗೆ 27 ಮಿ.ಗ್ರಾಂ ಇದ್ದದ್ದು ತಾನಾಗಿ 20ಕ್ಕೆ ಇಳಿದಿತ್ತು.

ಲೆಕ್ಕ ನೋಡಿ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿ.ಗ್ರಾಂ ಕಬ್ಬಿಣವಿದೆ. ಮೂರು ವಾರಕ್ಕೆ ಎರಡು ಚೀಲ ಎಂದರೆ ದಿನಕ್ಕೆ 19 ಮಿ.ಗ್ರಾಂ ಒಳಗೆ ಬಂದಂತೆ. ಮೈ ತಾನಾಗಿ ಹೊರಹಾಕುವುದು ಒಂದೆರಡು ಮಿ.ಗ್ರಾಂ ಅಷ್ಟೇ. ಇದರ ಮುಂದೆ ರಾಗಿ ಮುದ್ದೆ, ಸೊಪ್ಪಿನ ಕಬ್ಬಿಣ ಯಾವ ಲೆಕ್ಕಕ್ಕೂ ಇಲ್ಲ, ಮಕ್ಕಳು ನೆಮ್ಮದಿಯಾಗಿ ಉಣ್ಣಲಿ. ಬೇಡವೇ ಬೇಡ ಎನ್ನುವುದು ಐರನ್ ಟಾನಿಕ್ಕು. ಹಾಗೆಯೇ ಯಾರೋ ಹೇಳಿದರೆಂದು ದಿನಾ ನೆಲ್ಲಿಕಾಯಿ ರಸ, ವಿಟಮಿನ್ ಸಿ ಮಾತ್ರೆ ಕೊಡುವುದನ್ನೂ ನಿಲ್ಲಿಸಿ. ಜಾಸ್ತಿ ವಿಟಮಿನ್ ಸಿ ಸಂಗ್ರಹದಲ್ಲಿದ್ದ ಕಬ್ಬಿಣವನ್ನು ಸಡಿಲಿಸಿ ರಕ್ತಕ್ಕೆ ಬಿಡುತ್ತದೆ, ಅದು ನೇರ ಹೃದಯಕ್ಕೆ ಹೊಡೆತ.

ಡಾಕ್ಟರು ಆ ದಿನವೇ ಔಷಧಿ ಬದಲಿಸಿದರು. ಡೆಫೆರಾಸಿರಾಕ್ಸ್ ಬಿಟ್ಟು ಹಗಲಿಗೆ ಡೆಫೆರಿಪ್ರೋನ್ 500 ಮಿ.ಗ್ರಾಂ ಕ್ಯಾಪ್ಸೂಲು ಹೊತ್ತಿಗೆ ಎರಡರಂತೆ ಮೂರು ಹೊತ್ತು, ರಾತ್ರಿಗೆ ಚರ್ಮದಡಿಗೆ ನಿಧಾನವಾಗಿ ಔಷಧಿ ಬಿಡುವ ಡೆಸ್ಫೆರಾಲ್ ಪಂಪು. ಎರಡೂ ಕಬ್ಬಿಣ ಹೊರಹಾಕುವ ಔಷಧಿಗಳೇ. ಡೆಫೆರಿಪ್ರೋನ್ ಸಣ್ಣ ಕಣ, ಹೃದಯದ ಜೀವಕೋಶದ ಒಳಕ್ಕೇ ನುಗ್ಗಬಲ್ಲದು. ಬಾವಿ ತೋಡುವಾಗ ಒಬ್ಬ ಒಳಗಿಳಿದು ಬುಟ್ಟಿಯಲ್ಲಿ ಮಣ್ಣು ಎತ್ತಿ ಕೊಡುತ್ತಾನೆ, ಮೇಲಿನವನು ಗಾಡಿಗೆ ತುಂಬಿ ಸಾಗಿಸುತ್ತಾನಲ್ಲ, ಈ ಎರಡರ ಜೋಡಿ ಕೆಲಸ ಹಾಗೆ.

ಪಂಪು ಕಟ್ಟುವುದನ್ನು ತಾಯಿಯ ಕೈಯಲ್ಲೇ ಮಾಡಿಸಿದೆವು. ಡೆಸ್ಫೆರಾಲ್ 500 ಮಿ.ಗ್ರಾಂನ ಮೂರು ಬಾಟಲಿ, ಒಂದೊಂದಕ್ಕೂ ಇಂಜೆಕ್ಷನ್ನಿಗೆಂದೇ ಬರುವ ಸ್ಟೆರೈಲ್ ವಾಟರ್ 5 ಮಿ.ಲೀ. ಕುಲುಕಬಾರದು, ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಮಬ್ಬಾಗಿದ್ದರೆ ಎಸೆಯಬೇಕು. 20 ಮಿ.ಲೀ. ಸಿರಿಂಜಿಗೆ ತುಂಬಿ, ಟ್ಯೂಬಿನ ಗಾಳಿ ತೆಗೆದು, ಹೊಟ್ಟೆಯ ಚರ್ಮ ಹಿಡಿದೆತ್ತಿ, ಹೊಕ್ಕುಳಿನಿಂದ ದೂರದಲ್ಲಿ ಸಣ್ಣ ಬಟರ್‌ಫ್ಲೈ ಸೂಜಿ ಚುಚ್ಚಬೇಕು. ಗಂಟೆಗೆ ಒಂದೂವರೆ ಮಿ.ಲೀ.ನಂತೆ 10 ಗಂಟೆ. ನೀರು ಕಡಿಮೆ ಹಾಕಿದರೆ ಚುಚ್ಚಿದ ಜಾಗ ಗಂಟು ಕಟ್ಟುತ್ತದೆ, ಒಂದೇ ಜಾಗಕ್ಕೆ ದಿನಾ ಚುಚ್ಚಿದರೂ ಅಷ್ಟೇ.

"ಒಂದೇ ಸಲ ಇಂಜೆಕ್ಷನ್ ಕೊಟ್ಬುಟ್ರೆ ಆಗಲ್ವಾ ಅಕ್ಕಾ?" ಎಂದ ಹುಡುಗ. ಆಗುವುದಿಲ್ಲ. ಡೆಸ್ಫೆರಾಲ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಪಂಪು ನಿಂತ ಸ್ವಲ್ಪ ಹೊತ್ತಿಗೇ ಯಾವುದಕ್ಕೂ ಅಂಟಿಕೊಳ್ಳದ ಬಿಡಿ ಕಬ್ಬಿಣ ಮತ್ತೆ ತಲೆಯೆತ್ತುತ್ತದೆ. ಹೃದಯದೊಳಕ್ಕೆ ಹೋಗುವುದು ಆ ಬಿಡಿ ಕಬ್ಬಿಣವೇ. ಅದಕ್ಕೇ ಡೋಸು ಎಷ್ಟು ಎನ್ನುವಷ್ಟೇ, ದಿನದ ಎಷ್ಟು ಗಂಟೆ ರಕ್ತದಲ್ಲಿ ಔಷಧಿ ಇತ್ತು ಎನ್ನುವುದೂ ಮುಖ್ಯ. ವಾರಕ್ಕೆ ಆರು ರಾತ್ರಿಯಾದರೂ ಪಂಪು ಓಡಬೇಕು, ಹಬ್ಬ, ಮದುವೆ ಎಂದು ಬಿಡುವಂತಿಲ್ಲ.

ಅವತ್ತು ರಕ್ತವನ್ನೂ ಬೇರೆ ಥರ ಹಾಕಿದೆವು. ಎರಡು ಚೀಲ ಒಟ್ಟಿಗೆ ಬೇಡವೆಂದು ಒಂದನ್ನೇ, ಗಂಟೆಗೆ 75 ಮಿ.ಲೀ.ನಂತೆ. ಫ್ರಿಡ್ಜಿನಿಂದ ತೆಗೆದ ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕಾದ್ದರಿಂದ ಇದಕ್ಕಿಂತ ನಿಧಾನ ಮಾಡಲಾಗದು. ಇನ್ನೊಂದಕ್ಕೆ ಬೇರೆ ದಿನ ಕೊಟ್ಟೆವು. ಸೋತ ಹೃದಯಕ್ಕೆ ಜೋರಾಗಿ ರಕ್ತ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಡೆಫೆರಿಪ್ರೋನ್ ಶುರುವಾದ ಮೇಲೆ ಜ್ವರವನ್ನು ಸುಲಭವಾಗಿ ತಗೊಳ್ಳುವಂತಿಲ್ಲ. ನೂರರಲ್ಲಿ ಒಬ್ಬರಿಗೆ ಬಿಳಿ ರಕ್ತಕಣ ದಿಢೀರನೆ ಕುಸಿಯಬಹುದು. ಅದಕ್ಕೆ ವಾರಕ್ಕೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ). ಜ್ವರ, ಗಂಟಲು ನೋವು, ಬಾಯಿ ಹುಣ್ಣು ಕಂಡರೆ ಕ್ಯಾಪ್ಸೂಲು ನಿಲ್ಲಿಸಿ ಅದೇ ದಿನ ಸಿಬಿಸಿ ಮಾಡಿಸಬೇಕು, ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ಕಣ) 1,500ಕ್ಕಿಂತ ಕಡಿಮೆ ಇದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕು. ಮೆಡಿಕಲ್ ಸ್ಟೋರಿನ ಜ್ವರದ ಮಾತ್ರೆ ನುಂಗಿ ಕಾಯುವುದು ಪ್ರಾಣಕ್ಕೇ ಕುತ್ತು. ಮೂತ್ರ ಕೆಂಪಗಾದರೆ ಮಾತ್ರ ಹೆದರಬೇಕಿಲ್ಲ, ಅದು ಹೊರಬೀಳುತ್ತಿರುವ ಕಬ್ಬಿಣ.

ಮೂರು ತಿಂಗಳಿಗೆ ಎಕೋ, ಆರು ತಿಂಗಳಿಗೆ ಮತ್ತೆ ಎಂಆರ್‌ಐ ಎಂದು ಬರೆದುಕೊಟ್ಟೆವು. ಆಗ 9 ಹೋಗಿ 10 ಆಗಿದ್ದರೂ ಔಷಧಿ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು. ಅವನ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು: ಹೃದಯದಲ್ಲಿ ಕಬ್ಬಿಣವಿದೆ, ರಕ್ತವಾಗಲಿ ಡ್ರಿಪ್ ಆಗಲಿ ನಿಧಾನ. ಎದೆ ಡವಗುಟ್ಟಿದರೆ, ಮಲಗಿದರೆ ಉಸಿರು ಕಟ್ಟಿದರೆ, ಕಾಲು ಊದಿದರೆ ಯಾವ ಹೊತ್ತಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ ಈ ಹಾಳೆಯನ್ನೇ ಮೊದಲು ತೋರಿಸಿ ಎಂದು ತಾಯಿಗೆ ಹೇಳಿದೆವು.