ದಿಂಡಿಗದ ಮರ ಮತ್ತು ಶನಿವಾರದ ಕ್ಲಾಸು

ಪ್ರತಿಭಾ ಪರೀಕ್ಷೆಗೆ ಆರಿಸಿದ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಬೇರೆ ಕ್ಲಾಸು ನಡೆಯುತ್ತಿತ್ತು. ಗಣಿತ, ರೀಸನಿಂಗ್ ಎಲ್ಲಾ ರೂಮಿನೊಳಗೆ. ವಿಜ್ಞಾನದ ಮೇಡಂ ಮಾತ್ರ ನಮ್ಮನ್ನು ಸಿಟಿ ಬಸ್ಸು ಹತ್ತಿಸಿ ಚಾಮುಂಡಿ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋಗುತ್ತಿದ್ದರು.

ಒಂದು ದಿಂಡಿಗದ ಮರದ ಕೆಳಗೆ ನಿಂತು ಕೇಳಿದರು: "ಇಷ್ಟು ತೂಕ ಇದಕ್ಕೆ ಎಲ್ಲಿಂದ ಬಂತು, ಹೇಳ್ರಪ್ಪ?" ಮಣ್ಣಿನಿಂದ ಅಂದ ಒಬ್ಬ. ನೀರಿನಿಂದ ಅಂದಳು ಇನ್ನೊಬ್ಬಳು. ದ್ಯುತಿಸಂಶ್ಲೇಷಣೆಯ ಸಮೀಕರಣ ಎಲ್ಲರಿಗೂ ಬಾಯಿಪಾಠ ಆಗಿತ್ತು ಅನ್ನೋದು ಬೇರೆ ಮಾತು. ಮೇಡಂ ಉತ್ತರ ಹೇಳಲಿಲ್ಲ. ವಾನ್ ಹೆಲ್ಮಾಂಟ್ ಎಂಬ ಹಳೇ ಕಾಲದ ವಿಜ್ಞಾನಿಯ ಪ್ರಯೋಗ ಹೇಳಿದರು. ಅದು ಅಚ್ಚಾಗಿದ್ದು 1648ರಲ್ಲಿ. ತೊಟ್ಟಿಯಲ್ಲಿ ಮಣ್ಣು ತೂಗಿ ಹಾಕಿ, ವಿಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದರಂತೆ. ಮರ ಸುಮಾರು 74 ಕಿಲೋ ಹೆಚ್ಚಿತು. ಮಣ್ಣು ಕಡಿಮೆಯಾಗಿದ್ದು ಒಂದು ಹಿಡಿಯೂ ಇಲ್ಲ. ಹಾಗಾದರೆ ಎಲ್ಲಾ ನೀರಿನಿಂದಲೇ ಬಂತು ಎಂದು ಅವರು ತೀರ್ಮಾನಿಸಿದರು. "ಅವರು ಯಾವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ? ಯೋಚನೆ ಮಾಡಿ ಬನ್ನಿ" ಎಂದು ಮೇಡಂ ನಮ್ಮನ್ನು ಬಸ್ಸು ಹತ್ತಿಸಿಬಿಟ್ಟರು!

ಆ ವಾರವೆಲ್ಲ ಜಗಳ. ಗಾಳಿ ಎಂಬ ಉತ್ತರ ನಮ್ಮಲ್ಲೇ ಹುಟ್ಟಿತು. ಒಣ ಮರದಲ್ಲಿ ಸುಮಾರು ಅರ್ಧ ಇಂಗಾಲ. ಅದೆಲ್ಲ ಗಾಳಿಯಿಂದ ಬಂದದ್ದು. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ, ಆಮ್ಲಜನಕವೂ ಸೇರಿ, 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ವಾಪಸ್ ಗಾಳಿಗೆ ಹೋಗುತ್ತದೆ. ಕಾಡ್ಗಿಚ್ಚು, ಹವಾಮಾನ ಬದಲಾವಣೆ ಎರಡೂ ನಮಗೆ ಈ ಲೆಕ್ಕದಿಂದಲೇ ಅರ್ಥವಾದವು.

ಆಮೇಲೆ ಅಳತೆ ಶುರುವಾಯಿತು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಮರದ ಸುತ್ತಳತೆ ಬರೆಯಬೇಕು. ಮಾರ್ಚಿನಲ್ಲಿ ಕೆಲವು ಮರಗಳ ಅಳತೆ ನವೆಂಬರಿಗಿಂತ ಕಡಿಮೆ ಬಂತು. ಟೇಪು ಸರಿಯಿಲ್ಲ ಅಂತ ಕೂಗಾಟ. "ಇನ್ನೊಂದು ಸಲ ಅಳೀರಿ" ಅಂದರು ಮೇಡಂ. ಅಷ್ಟೇ ಬಂತು. ಬೇಸಿಗೆಯಲ್ಲಿ ಕಾಂಡದ ನೀರು ಆರಿ ಮರ ಸ್ವಲ್ಪ ಕುಗ್ಗುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಹಿಗ್ಗುತ್ತದೆ. ಒಂದು ವರ್ಷದ ಬರ ನೋಡಿ ಹವಾಮಾನ ಬದಲಾಯಿತು ಅನ್ನೋಕಾಗಲ್ಲ ಎಂದೂ ಆವತ್ತೇ ಹೇಳಿದರು. ಬಂಡೀಪುರದ ಪಕ್ಕದ ಮುದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಮರಗಳನ್ನು ಅಳೆಯುತ್ತಲೇ ಇದ್ದಾರೆ. ಬರ, ಬೆಂಕಿ, ಆನೆ ಇವುಗಳಿಂದ ಕಾಡು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅಷ್ಟು ವರ್ಷ ಬೇಕು.

ಎಲ್ಲದರಲ್ಲೂ ಮೊದಲು ಮುಗಿಸಿ ಕೂರುವ ಮಕ್ಕಳು ನಾವು. ಅಂಥವರಿಗೆ ಇನ್ನೂ ಕಷ್ಟದ ಲೆಕ್ಕ ಕೊಡುವುದು ಸುಲಭ. ಬೇಗ ಮುಗಿಯದ ಕೆಲಸ ಕೊಟ್ಟವರು ಮೇಡಂ ಒಬ್ಬರೇ. ನನಗೆ ಸಿಕ್ಕ ದೊಡ್ಡ ಪಾಠ ಅದು.

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹಳೇ ಗೆಳೆಯರೆಲ್ಲ ಫೋನು ಮಾಡಿಕೊಂಡೆವು. ಎಲ್ಲರ ಬಾಯಲ್ಲೂ ಲಂಟಾನ ಎಂಬ ಕಳೆಗಿಡದ ಮಾತೇ. ಒಣಗಿದ ಲಂಟಾನದ ಪೊದೆ ನೆಲದ ಬೆಂಕಿಯನ್ನು ಕೊಂಬೆಗೆ ಹತ್ತಿಸುತ್ತದೆ ಎಂದು ಬೆಟ್ಟದಲ್ಲಿ ತೋರಿಸಿಕೊಟ್ಟವರು ಮೇಡಂ ತಾನೇ?

ನಮ್ಮ ಅಳತೆಯ ರಿಜಿಸ್ಟರ್ ಲ್ಯಾಬಿನ ಬೀರುವಿನಲ್ಲಿ ಇಟ್ಟು ಬಂದಿದ್ದೆವು. ಈಗಿನ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ. ಅದನ್ನು ಹುಡುಕಿ ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಕೊಡಿ. ಟೇಪು ನಾನು ಕಳಿಸುತ್ತೇನೆ.