ದೋಣಿ ಇಂಗ್ಲೆಂಡ್ ಮುಟ್ಟಿತಾ?

‘ಸಿಂಗ್ ಸ್ಟ್ರೀಟ್’ ಸಿನಿಮಾ ನೋಡಿ ಅಂತ ಕಂಡಕಂಡವರಿಗೆಲ್ಲ ಹೇಳುವುದು ನನ್ನ ಹಳೇ ಚಟ. ನೋಡಿದವರು ಆಮೇಲೆ ಸಿಕ್ಕಾಗ ಕೇಳುವುದೂ ಒಂದೇ ಪ್ರಶ್ನೆ. "ಕೊನೆಗೆ ಅವರಿಬ್ಬರೂ ಇಂಗ್ಲೆಂಡ್ ಮುಟ್ಟಿದ್ರಾ?"

ನೋಡದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 1985ರ ಐರ್ಲೆಂಡಿನ ಡಬ್ಲಿನ್. ಮನೆಯಲ್ಲಿ ದುಡ್ಡಿಗೆ ಕಷ್ಟ. ಹದಿನೈದರ ಹುಡುಗ ಕಾನರ್‌ನನ್ನು ದುಬಾರಿ ಶಾಲೆ ಬಿಡಿಸಿ ಸಿಂಗ್ ಸ್ಟ್ರೀಟಿನ ಶಾಲೆಗೆ ಹಾಕುತ್ತಾರೆ. ಅಲ್ಲಿ ಕಪ್ಪು ಶೂ ಕಡ್ಡಾಯ, ಇವನ ಹತ್ತಿರ ಇರುವುದು ಕಂದು ಜೋಡಿ. ಶಾಲೆ ಎದುರು ನಿಂತ ಹುಡುಗಿಯ ಹತ್ತಿರ ಹೋಗಿ, ನಮ್ಮ ಬ್ಯಾಂಡಿನ ವಿಡಿಯೋದಲ್ಲಿ ನಟಿಸ್ತೀಯಾ ಅಂತ ಕೇಳಿಬಿಡುತ್ತಾನೆ. ಬ್ಯಾಂಡ್ ಎಲ್ಲಿದೆ? ಕೇಳಿದ ತಪ್ಪಿಗೆ ಕಟ್ಟಬೇಕಾಗುತ್ತದೆ. ಬ್ಯಾಂಡಿಗೂ ಬೀದಿಯದೇ ಹೆಸರು, ಬರೀ ಸ್ಪೆಲಿಂಗ್ ಬದಲು. (ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಜೋಕು ಸತ್ತುಹೋಗುತ್ತದೆ.) ಕೊನೆಗೆ ಹುಡುಗ, ಹುಡುಗಿ ಇಬ್ಬರೂ ತಾತನ ಪುಟ್ಟ ಮೋಟಾರು ದೋಣಿ ಹತ್ತಿ ಲಂಡನ್ ಕನಸಿಗೆ ಹೊರಡುತ್ತಾರೆ. ನಿರ್ದೇಶಕ ಜಾನ್ ಕಾರ್ನಿ ಓದಿದ್ದೂ ಅದೇ ಶಾಲೆಯಲ್ಲಿ. ಸಿನಿಮಾ ಬಂದಿದ್ದು 2016ರಲ್ಲಿ.

ಡಬ್ಲಿನ್ನಿನಿಂದ ಸಮುದ್ರದಾಚೆ, ಇಂಗ್ಲೆಂಡಿಗೆ ಅಂಟಿಕೊಂಡ ವೇಲ್ಸ್ ದಡಕ್ಕೆ ಸುಮಾರು 100 ಕಿಲೋಮೀಟರ್. ಬೆಂಗಳೂರಿನ ನಮಗೆ ಮಂಡ್ಯ ಎಷ್ಟು ದೂರವೋ ಅಷ್ಟು. ಆದರೆ ನಡುವೆ ಇಡ್ಲಿ ಹೋಟೆಲ್ ಇಲ್ಲ, ಬರೀ ಮಳೆ, ಅಲೆ.

ನನ್ನ ಉತ್ತರ: ಗೊತ್ತಿಲ್ಲ, ನಾನು ದೋಣಿಯ ಕಡೆ ನೋಡೋದೇ ಇಲ್ಲ. ನಾನು ನೋಡೋದು ದಡದಲ್ಲಿ ನಿಂತವನನ್ನು. ಕಾನರ್‌ನ ಅಣ್ಣ ಬ್ರೆಂಡನ್.

ಕಾಲೇಜು ಬಿಟ್ಟು ಮನೆಯಲ್ಲಿ ಕೂತವನು. ರೆಕಾರ್ಡು ರಾಶಿ ಹಾಕಿಕೊಂಡು ತಮ್ಮನಿಗೆ ಒಂದೊಂದಾಗಿ ಕೇಳಿಸುವವನು. ತಮ್ಮನ ಬ್ಯಾಂಡ್ ಮೊದಲು ನುಡಿಸಿದ್ದು ಇಂಗ್ಲೆಂಡಿನ ಡ್ಯೂರಾನ್ ಡ್ಯೂರಾನ್ ಬ್ಯಾಂಡಿನ ಹಾಡು. ಅದನ್ನು ಕೇಳಿ ಅಣ್ಣ ಆ ಕ್ಯಾಸೆಟ್ಟನ್ನೇ ಹಾಳುಮಾಡುತ್ತಾನೆ. ಇನ್ನೊಬ್ಬರ ಹಾಡು ಯಾಕೆ, ನಿಂದೇ ಬರಿ ಅಂತ. ಮನೆಯಲ್ಲಿ ಅಪ್ಪ ಅಮ್ಮನ ಜಗಳ. ಆಗ ಐರ್ಲೆಂಡಿನಲ್ಲಿ ವಿಚ್ಛೇದನಕ್ಕೆ ದಾರಿಯೇ ಇರಲಿಲ್ಲ. 1995ರಲ್ಲಿ ಜನರ ಮತ ಕೇಳಿದ ಮೇಲೇ ಅದು ಸಾಧ್ಯವಾಗಿದ್ದು. ಆ ಜಗಳದ ನಡುವೆ ಮೊದಲು ಬೆಳೆದವನು ಅಣ್ಣ. ಒಂದು ದಿನ ಅವನ ಸಿಟ್ಟು ಒಡೆಯುತ್ತದೆ. ದಾರಿ ಮಾಡಿದ್ದು ನಾನು, ಆ ದಾರಿಯಲ್ಲಿ ಆರಾಮಾಗಿ ಬಂದಿದ್ದು ನೀನು ಅಂತಾನೆ. ಆಮೇಲೂ ಕೊನೇ ದಿನ ಬಂದರಿಗೆ ಕಾರು ಓಡಿಸುವವನು ಅವನೇ. ದೋಣಿ ಹೋದ ಮೇಲೆ ಖುಷಿಗೆ ಕೂಗಿ ಕುಣಿಯುವವನೂ ಅವನೇ.

ಪರದೆ ಕಪ್ಪಾದ ಮೇಲೆ ಅರ್ಪಣೆಯ ಸಾಲು ಬರುತ್ತದೆ, ಎಲ್ಲೆಡೆಯ ಸಹೋದರರಿಗೆ ಅಂತ. ಇಂಗ್ಲಿಷಿಗೆ ಅದು ಸಲೀಸು. ನಾವು ಮನೆಯಲ್ಲಿ ಯಾರು ಸಹೋದರ ಅಂತೀವಿ? ಅಣ್ಣ ಅನ್ನಬೇಕು, ಇಲ್ಲ ತಮ್ಮ ಅನ್ನಬೇಕು. ನನ್ನ ಕೇಳಿದರೆ ಆ ಸಾಲು ಅಣ್ಣಂದಿರಿಗೆ.

ನನಗೂ ಒಬ್ಬ ಅಣ್ಣ ಇದ್ದಾನೆ. ಗಿಟಾರ್ ಅವನದು. ಅಪ್ಪ ಕೆಲಸ ಬಿಟ್ಟ ವರ್ಷ ಅವನು ಓದು ಬಿಟ್ಟು ಅಂಗಡಿ ಸೇರಿದ, ಗಿಟಾರ್ ನನ್ನ ಮಂಚದ ಪಕ್ಕ ಬಂತು. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ಭಾರತದಲ್ಲಿ ಅವರ ಮೊದಲ ಶೋ. ಅವನು ದುಡ್ಡು ಕೂಡಿಸಿದ್ದು ಒಂದೇ ಟಿಕೆಟ್ಟಿಗೆ. ನಮ್ಮ ಏರಿಯಾ ಶ್ರೀನಗರದಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಟಿಕೆಟ್ ನನ್ನ ಕೈಗಿಟ್ಟ. ಶೋ ಮುಗಿಸಿ ಆಚೆ ಬಂದರೆ ಅವನು ಅಲ್ಲೇ, ರಸ್ತೆ ಬದಿ ಸ್ಕೂಟರ್ ಮೇಲೆ ಕೂತಿದ್ದ. "ಹೊರಗಡೆನೂ ಚೆನ್ನಾಗೇ ಕೇಳಿಸ್ತು ಕಣೋ" ಅಂದ. ನಾನು ಪೆದ್ದ, ನಂಬಿದೆ. ದಾರಿಯುದ್ದಕ್ಕೂ ಒಳಗಿನ ಲೈಟಿಂಗ್ ಬಗ್ಗೆ ಕೊರೆದೆ.

ಹೋದ ವರ್ಷ ಅವನನ್ನು ಕೂರಿಸಿಕೊಂಡು ಈ ಸಿನಿಮಾ ತೋರಿಸಿದೆ. ಬ್ರೆಂಡನ್ ಕುಣಿಯುವಾಗ ಪಕ್ಕಕ್ಕೆ ತಿರುಗಿ ಅವನ ಮುಖ ನೋಡಿದೆ. ಅವನು ಮಾತ್ರ ಅಲೆಗಳ ನಡುವಿನ ಆ ದೋಣಿಯನ್ನೇ ನೋಡುತ್ತಿದ್ದ ಹಾಗಿತ್ತು. ಹೆಸರುಗಳೆಲ್ಲ ಬಂದುಹೋದ ಮೇಲೆ ಅಣ್ಣ ಕೇಳಿದ್ದು ಇಷ್ಟೇ.

"ಅಷ್ಟು ದೂರಕ್ಕೆ ಪೆಟ್ರೋಲ್ ಇತ್ತೇನೋ ಅದ್ರಲ್ಲಿ?"